ಕಡಲಿನ ಗೊರಕೆ

ಹೆದರಬೇಕಾದ ಕಡೆ ನಗು ಬರೋದು, ನಗಬೇಕಾದ ಕಡೆ ಹೆದರಿಕೆ ಬರೋದು ನಮ್ಮನೆ ಹೆಂಗಸರ ಹುಟ್ಟುಗುಣ. ನಮ್ಮೂರು ಕೈಲಾಂಚದ ಹಿಪ್ಪುನೇರಳೆ ತೋಟದಲ್ಲೇ ಬುಡದ್ದು, ಕಡಲ ಹತ್ರ ಬುಡ್ತದಾ?

ನನ್ನ ಮೊಮ್ಮಗಳಿಗೆ ಕಡಲಿಗೆ ಚಾಚಿದ ಗುಡ್ಡದ ತುದೀಲಿ ಕೂತು ಹಕ್ಕಿ, ತಿಮಿಂಗಿಲ ನೋಡೋ ಕೆಲಸ. "ಇದೂ ಒಂದು ಕೆಲಸವಾ? ಕರ್ಕೊಂಡೇ ಬತ್ತೀನಿ" ಅಂತ ಅವಳವ್ವ, ಅಂದ್ರೆ ನನ್ನ ಮಗಳು, ಹೊರಟಳು. ಜೊತೆಗೆ ನಾನೂ.

ತಲೆ ಮೇಲಿನ ಹದ್ದು

ಬೆಳಿಗ್ಗೆ ಗುಡ್ಡ ಹತ್ತಿದ್ರೆ ಬರೀ ಮಂಜು. ಅಲೆ ಸದ್ದೂ ಇಲ್ಲ. ನಮ್ಮ ತಲೆ ಮೇಲೆ ಮಾತ್ರ ಒಂದು ದೊಡ್ಡ ಹದ್ದು ಸುಮ್ಮನೆ ಸುತ್ತುತಾ ಇತ್ತು. ನಮ್ಮ ರಾಮನಗರದ ಬೆಟ್ಟದಲ್ಲಿ ರಣಹದ್ದು ಸುತ್ತಿದ್ರೆ ಕೆಳಗೆ ಹೆಣ ಐತೆ ಅಂತ್ಲೇ ಲೆಕ್ಕ. ಕೆಳಗೆ ನೋಡಿದ್ರೆ ನಾವು ಮೂವರೇ!

"ಅದು ಕಡಲ ಹದ್ದು ಅಜ್ಜಿ, ಮೀನು ಹುಡುಕ್ತಾ ಐತೆ" ಅಂದಳು ಮೊಮ್ಮಗಳು.

"ಇರಬೌದು ಕಣವ್ವ. ಆದ್ರೂ ಎಲ್ರೂ ಒಸಿ ಅಲ್ಲಾಡ್ತಾ ಇರಿ."

ಯಾರದೋ ಉಸಿರು

ಪಕ್ಕದಲ್ಲೇ ಯಾರೋ ಉಸಿರು ಬುಟ್ಟಂಗಾಯ್ತು. ಹುಸ್ಸ್...

"ನೀನಾ ಅವ್ವ?" ಅಂದಳು ಮಗಳು.

"ನಾನು ನೀನು ಅಂದ್ಕೊಂಡೆ."

ಮೊಮ್ಮಗಳು ಪಿಸುಗುಟ್ಟಿದಳು: "ಕೆಳಗೆ ನೀರಲ್ಲಿ ತಿಮಿಂಗಿಲ ಐತೆ. ಅದರ ಉಸಿರು."

ತೀರಿಹೋದ ನಮ್ಮ ಯಜಮಾನ್ರ ಗೊರಕೆ ಥೇಟು ಹಂಗೇ! "ನಿಮ್ಮಪ್ಪ ಕಣೇ!" ಅಂತ ಕೂಗಿಬುಟ್ಟೆ.

ಮಗಳು ನನ್ನ ಬಾಯಿ ಮುಚ್ಚಿದಳು. "ಮೆಲ್ಲಗೆ ಮಾತಾಡವ್ವ. ಎದ್ರೆ ಕಾಫಿ ಕೇಳ್ತಾನೆ."

ಎಡವೋ ಬಲವೋ

ದೊಡ್ಡ ಮಾತಿದ್ರೆ ನಮ್ಮೂರಲ್ಲಿ ದೇವ್ರ ಮುಂದೆ ಹೂ ಕೇಳ್ತೀವಿ. ಬಲಕ್ಕೆ ಬಿದ್ರೆ ಆಗಲಿ, ಎಡಕ್ಕೆ ಬಿದ್ರೆ ಬೇಡ. ಮಂಜು ಸರಿದು, ನೀರಿಂದ ಕರೀ ಬೆನ್ನು ಎದ್ದದ್ದೇ ತಡ, ಮಗಳು ಕೈ ಮುಗಿದುಬುಟ್ಟಳು. "ಅಪ್ಪಾ, ನೀನೇ ಹೇಳು. ಬಲಕ್ಕೆ ಹೊರಳಿದ್ರೆ ಇವಳು ಇಲ್ಲೇ ಇರಲಿ. ಎಡಕ್ಕೆ ಹೊರಳಿದ್ರೆ ಈವತ್ತೇ ಬಸ್ಸು."

ಮೊಮ್ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು.

ತಿಮಿಂಗಿಲ ಎಡಕ್ಕೂ ಹೊರಳಲಿಲ್ಲ, ಬಲಕ್ಕೂ ಹೊರಳಲಿಲ್ಲ. ನೆಟ್ಟಗೆ ಮುಳುಗಿಹೋಯ್ತು. ನೀರು ಏನೂ ಆಗದಂಗೆ ಮುಚ್ಕೊಂಡಿತು.

"ಇದಕ್ಕೇನವ್ವ ಅರ್ಥ?" ಮಗಳು ನನ್ನ ಕಡೆ ತಿರುಗಿದಳು.

"ನಿಮ್ಮಪ್ಪನೇ, ಅನುಮಾನವೇ ಬೇಡ. ಮನೆ ತೀರ್ಮಾನ ಅಂದ್ರೆ ಸಾಕು, ಮುಸುಕು ಎಳ್ಕೊಂಡು ಮಲಗ್ಬುಡೋರು. ಆವಾಗೆಲ್ಲ ಹೇಳ್ತಿದ್ದವಳು ನಾನೇ. ಈಗ್ಲೂ ಹೇಳ್ತೀನಿ, ಮೊಮ್ಮಗಳು ಇಲ್ಲೇ ಇರಲಿ."

ಮಗಳು ಬಾಯಿ ತೆಗೆಯೋ ಹೊತ್ತಿಗೆ ಮಂಜಿನೊಳಗಿಂದ, ದೂರದಲ್ಲಿ, ಹುಸ್ಸ್... ಅಂತು.

ಅವಳು ಬಾಯಿ ಮುಚ್ಚಿದಳು. ನಾನು ತೀರ್ಮಾನ ಹೇಳಿದ ಮೇಲೆ ನಮ್ಮ ಯಜಮಾನ್ರು ನಿಟ್ಟುಸಿರು ಬುಡ್ತಿದ್ದದ್ದೂ ಹಂಗೇ.