ಅತ್ತೆಯ ಕಾವಲಿಗೆ ಸೋಪು

ಬಸ್ ಡಿಪೋದ ಹೆವಿನ್ ಕಾವಲಿಯನ್ನು ಸೋಪು ಹಾಕಿ ತೊಳೆದ. ಆವತ್ತಿನ ಅನಾಹುತಕ್ಕೆಲ್ಲ ಮೂಲ ಇಷ್ಟೇ.

ಅದು ಅವನ ಹೆಂಡತಿ ಮೈರ್ವೆನ್‌ಗೆ ತವರಿನಿಂದ ಬಂದ ಬೀಡುಕಬ್ಬಿಣದ ಕಾವಲಿ. ಅವಳ ಅಜ್ಜಿಯ ಕಾಲದಿಂದ ಹಂದಿಕೊಬ್ಬು ಕುಡಿದು ಕುಡಿದು ಕಲ್ಲಿದ್ದಲಿನಷ್ಟು ಕಪ್ಪಗಾಗಿತ್ತು. ಟ್ರಿಯೋರ್ಕಿ ಊರಿನ ಆ ಬೀದಿಯಲ್ಲಿ ಯಾರೂ ಕಾವಲಿಗೆ ನೀರು ಸೋಕಿಸುವುದಿಲ್ಲ, ಬಟ್ಟೆಯಲ್ಲಿ ಒರೆಸಿಡುತ್ತಾರೆ ಅಷ್ಟೇ. ಈ ಶಾಸ್ತ್ರ ಹೆವಿನ್‌ಗೆ ಗೊತ್ತಿರಲಿಲ್ಲ. ಅವನು ಅಡುಗೆಮನೆಗೆ ಹೋಗುತ್ತಿದ್ದದ್ದು ತಿನ್ನುವುದಕ್ಕೆ ಮಾತ್ರ.

ಸಂಜೆಯ ಚಹಕ್ಕೆ ಅತ್ತೆ ಟೆಗ್ವೆನ್ ಬರುವವರಿದ್ದರು. ಮದುವೆಯಾದಂದಿನಿಂದ ಅವನನ್ನು ಕೈಲಾಗದವನೆಂದೇ ಕರೆಯುತ್ತ ಬಂದವರು. ಅವರನ್ನು ಕರೆತರಲು ಮೈರ್ವೆನ್ ಕಾರಿನಲ್ಲಿ ಹೋಗಿದ್ದಳು. ಅಷ್ಟರಲ್ಲಿ ಅತ್ತೆಯ ಮನೆತನದವರು ಕಾವಲಿಯ ಮೇಲೆ ರೊಟ್ಟಿಯಂತೆ ಬೇಯಿಸುವ ಕೇಕನ್ನು ತಾನೇ ಮಾಡಿ ಅವರ ಬಾಯಿ ಮುಚ್ಚಿಸಬೇಕೆಂದು ಹೆವಿನ್ ಹೊರಟ. ಹಿಟ್ಟಿಗೆ ಅರ್ಧದಷ್ಟು ಬೆಣ್ಣೆ ಮತ್ತು ಕೊಬ್ಬು, ಸಕ್ಕರೆ, ಒಣದ್ರಾಕ್ಷಿ, ಮೊಟ್ಟೆ, ತುರಿದ ಜಾಯಿಕಾಯಿ: ಹೆಂಡತಿ ಹೇಳುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಕಾವಲಿ ನೋಡಿದಾಗ ಮಾತ್ರ ಇಷ್ಟು ಜಿಡ್ಡೇ ಎನಿಸಿತು. ಡಿಪೋದಲ್ಲಿ ಬಸ್ಸು ತೊಳೆದು ಪಳಗಿದ ಕೈ, ತಂತಿನಾರು ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಕಾವಲಿ ತಳತಳ ಹೊಳೆಯಿತು.

ಮೊದಲ ಕೇಕು ಅದಕ್ಕೆ ಅಂಟಿಕೊಂಡು ಸುಟ್ಟಿತು. ಎರಡನೆಯದೂ ಅಷ್ಟೇ. ಪಕ್ಕದ ಮನೆಯ ಮಾಂಸದಂಗಡಿ ಇಡ್ವಾಲ್ ಗೋಡೆಯ ಮೇಲಿಂದ ಇಣುಕಿದ.

“ಏನಯ್ಯಾ, ಮನೆಗೇ ಬೆಂಕಿ ಇಟ್ಟಿದ್ದೀಯಾ?”

“ಕೇಕು ಅಂಟ್ಕೊಳ್ತಿದೆ ಕಣೋ.”

ಒಳಗೆ ಬಂದ ಇಡ್ವಾಲ್ ಕಾವಲಿ ನೋಡಿ, ಸಾವಿನ ಮನೆಗೆ ಬಂದವನಂತೆ ಟೋಪಿ ತೆಗೆದ.

“ತೊಳೆದುಬಿಟ್ಯಾ? ನಿಮ್ಮತ್ತೆ ಎಷ್ಟ್ ಹೊತ್ತಿಗೆ ಬರ್ತಾರೆ?”

“ನಾಲ್ಕಕ್ಕೆ.”

“ಹಂಗಾದ್ರೆ ಮೂರೂವರೆಗೇ ಊರು ಬಿಡು.”

ಆದರೂ ಸ್ನೇಹಿತ. ಕೊಬ್ಬು ಸುರಿದು ಜೋರಾಗಿ ಕಾಯಿಸಿದರೆ ಮತ್ತೆ ಕಪ್ಪಾಗುತ್ತದೆಂದು ತಾನೇ ಒಲೆ ಹೆಚ್ಚಿಸಿದ. ಕಾವಲಿ ಕಪ್ಪಾಗಲಿಲ್ಲ, ಚಾವಣಿ ಕಪ್ಪಾಯಿತು. ಹೊಗೆಯ ಅಲಾರಂ ಕಿರುಚತೊಡಗಿತು. ಇಡ್ವಾಲ್ ಅದನ್ನು ಪೊರಕೆಯಿಂದ ಬಡಿದ. ಅದು ಕಳಚಿ ಹಿಟ್ಟಿನ ಬೋಗುಣಿಗೆ ಬಿದ್ದು, ಅಲ್ಲೂ ಕಿರುಚುತ್ತಲೇ ಇತ್ತು.

ಹೆವಿನ್ ಕಾವಲಿಯನ್ನು ತಿಕ್ಕಿ ಒರೆಸಿ, ಹಿತ್ತಲಿನ ಶೆಡ್ಡಿನಲ್ಲಿ ಆಲೂಗಡ್ಡೆ ಚೀಲದ ಹಿಂದೆ ಬಚ್ಚಿಟ್ಟ. ಆಮೇಲೆ ಎದುರುಮನೆಯಾಕೆ ಮೊರ್ವಿದ್‌ಳ ಬಾಗಿಲು ತಟ್ಟಿ, “ಕೇಕು ಜಾಸ್ತಿ ಮಾಡ್ಬೇಕು, ಒಂದು ಕಾವಲಿ ಸಾಲಲ್ಲ, ನಿಮ್ಮದು ಕೊಡ್ತೀರಾ?” ಎಂದ.

“ನಮ್ಮ ಮುತ್ತಜ್ಜಿದು ಕಣಪ್ಪ. ಸ್ವಂತ ತಂಗಿಗೂ ಕೊಟ್ಟಿಲ್ಲ. ಸಂಜೆಗೆ ವಾಪಸ್ ಬರ್ಬೇಕು.”

ಹೊಸದಾಗಿ ಹಿಟ್ಟು ಕಲಸಿದ. ಈ ಕಾವಲಿಯ ಮೇಲೆ ಕೇಕುಗಳು ಹೊಂಬಣ್ಣಕ್ಕೆ ಬಂದು ತಾವಾಗಿಯೇ ಜಾರಿದವು. ಹೆವಿನ್‌ಗೆ ಕಣ್ಣು ತುಂಬಿ ಬಂತು.

ನಾಲ್ಕಕ್ಕೆ ಟೆಗ್ವೆನ್ ಬಂದರು. ಜೊತೆಗೆ ಮೈರ್ವೆನ್, ದೂರದ ಗ್ಲಾಸ್ಗೋದಲ್ಲಿ ಹೊಸ ಮನೆ ಹೂಡಲು ಅಂದೇ ಸಂಜೆ ಹೊರಟಿದ್ದ ಹೆವಿನ್‌ನ ಮಗಳು ಲೌರಿ. ಅತ್ತೆ ಒಂದು ಕೇಕು ಕಚ್ಚಿದರು, ಇನ್ನೊಂದಕ್ಕೆ ಕೈ ಚಾಚಿದರು.

“ಇವನ ಕೈಯಲ್ಲೂ ಇಷ್ಟು ಚೆನ್ನಾಗಿ ಬಂದಿದೆ ಅಂದ್ರೆ, ಅದು ನಮ್ಮಮ್ಮನ ಕಾವಲಿ ಗುಣ,” ಎಂದು ಒಲೆಯ ಮೇಲಿದ್ದುದನ್ನು ಪ್ರೀತಿಯಿಂದ ಸವರಿದರು. “ಬೇರೆ ಯಾರ ಕಾವಲಿಗೂ ಈ ಹದ ಇಲ್ಲ. ತಗೋ ಲೌರಿ. ಅಮ್ಮನಿಂದ ಮಗಳಿಗೆ ಹೋಗೋದು ಇದು. ಇನ್ಮೇಲೆ ನಿನ್ನದು.”

ಹೆವಿನ್ ಒಲೆಗೆ ಅಡ್ಡ ನಿಂತ. “ಬೇಡ ಅತ್ತೆ. ರೈಲಲ್ಲಿ ಭಾರ ಆಗುತ್ತೆ.”

“ನಿನ್ನ ಕೈಲಿ ಆಗಲ್ಲ ಅಂತ ಎಲ್ಲರ ಕೈಲೂ ಆಗಲ್ವಾ?”

ಲೌರಿ ಅಜ್ಜಿಗೆ ಮುತ್ತಿಟ್ಟು, ಕಾವಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರೈಲಿಗೆ ಹೊರಟುಹೋದಳು. ಅವಳು ಬೀದಿಯ ತಿರುವು ದಾಟಿದ ಮೇಲೆ ಮೊರ್ವಿದ್ ಬಾಗಿಲಲ್ಲಿ ಬಂದು ನಿಂತಳು.

“ಮುಗೀತಾ ಹೆವಿನ್? ನನ್ನ ಕಾವಲಿ ಕೊಟ್ಬಿಡಪ್ಪ.”

ಹೆವಿನ್ ಹೊರಗಿದ್ದವಳನ್ನು ನೋಡಿದ, ಒಳಗಿದ್ದ ಇಬ್ಬರನ್ನೂ ನೋಡಿದ. ನಿಜ ಹೇಳಿದರೆ ಮೂವರ ಕೈಗೂ ಸಿಗಬೇಕು, ಸುಳ್ಳು ಹೇಳಿದರೆ ಒಬ್ಬಳ ಕೈಗೆ. ಶೆಡ್ಡಿಗೆ ಹೋಗಿ ಹೊಳೆಯುವ ಕಾವಲಿ ತಂದು ಮೊರ್ವಿದ್‌ಗೆ ಒಪ್ಪಿಸಿದ.

“ತಗೊಳ್ಳಿ. ಎರವಲು ತಂದಿದ್ದನ್ನ ಹಂಗೇ ಕೊಡಬಾರ್ದು ಅಂತ ಸೋಪು ಹಾಕಿ ತೊಳೆದಿದ್ದೀನಿ.”

ಮೊರ್ವಿದ್ ಅದನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತಳು. ಮೊದಲು ಅತ್ತಳು. ಆಮೇಲೆ ಪಕ್ಕದಲ್ಲಿದ್ದ ಛತ್ರಿಗೆ ಕೈ ಹಾಕಿದಳು.

ಹೆವಿನ್ ಬೀದಿಗಿಳಿದು ಓಡುತ್ತಿದ್ದಾಗ ಕಿಟಕಿಯಲ್ಲಿ ಮೈರ್ವೆನ್ ಎದೆ ನೀವಿಕೊಂಡು ತಾಯಿಗೆ ಹೇಳುತ್ತಿದ್ದಳು: “ಸದ್ಯ, ನಮ್ಮದನ್ನ ಲೌರಿಗೆ ಕೊಟ್ಟು ಕಳಿಸಿ ಒಳ್ಳೇದು ಮಾಡಿದೆ ಅಮ್ಮ. ಇಲ್ಲಾಂದ್ರೆ ಇವನು ಅದನ್ನೂ ತೊಳೀತಿದ್ದ.”