ನಲವತ್ತೆರಡು ಮನೆ, ಎಲ್ಲರೂ ಆರಾಮ

ಬನಹಟ್ಟಿಯಲ್ಲಿ ನಮ್ಮ ಓಣಿಯ ನಲವತ್ತೆರಡು ಮನೆಗಳ ಸಕಲ ರೋಗಗಳನ್ನೂ ನಾನು ಒಂದೇ ದಿನದಲ್ಲಿ, ಒಂದು ತುಂಡು ಪೆನ್ಸಿಲಿನಿಂದ ವಾಸಿ ಮಾಡಿದ್ದೆ. ಯಾವ ಡಾಕ್ಟರಿಗೂ ಆಗದ ಕೆಲಸ! ಮೊಮ್ಮಕ್ಕಳೇ, ನಿಮ್ಮ ಅಜ್ಜಿ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಮಾತ್ರ ಓದಿದವಳು ಎಂದು ನಗುತ್ತೀರಲ್ಲ, ಇದನ್ನು ಓದಿ ಇನ್ನಷ್ಟು ನಕ್ಕುಬಿಡಿ.

ಆಗಿನ್ನೂ ಜಮಖಂಡಿ ಸಂಸ್ಥಾನದ ಕಾಲ. ನಾನು ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ನಿಮ್ಮ ಅಜ್ಜ ಗಂಡುಮಕ್ಕಳ ಶಾಲೆಯ ಮಾಸ್ತರರು. ಓಣಿ ಮಾತ್ರ ನೇಕಾರರದು. ಬೆಳಗಾದರೆ ಮನೆ ಮನೆಯಲ್ಲೂ ಮಗ್ಗದ ಸಪ್ಪಳ. ಊರ ದವಾಖಾನೆಯಲ್ಲಿ ಔಷಧ ಎಲ್ಲರಿಗೂ ಪುಕ್ಕಟೆ. ಹೆಂಗಸರಿಗಾಗಿಯೇ ಪ್ರತಿ ಗುರುವಾರ ಜಮಖಂಡಿಯಿಂದ ಒಬ್ಬ ನರ್ಸಬಾಯಿ ಬರುತ್ತಿದ್ದರು. ಆದರೆ ಅಲ್ಲಿಗೆ ಹೋಗುತ್ತಿದ್ದವರು ಅಂಗಡಿಕಾರರ, ಕಾರಕೂನರ ಮನೆಯವರು. ಹೆರಿಗೆಯಲ್ಲೋ ಜ್ವರದಲ್ಲೋ ಸಾಯುತ್ತಿದ್ದವರು ನೇಕಾರರ ಮನೆಯವರು. ಹೀಗೇಕೆ ಎಂದು ತಲೆ ಕೆಡಿಸಿಕೊಂಡ ಡಾಕ್ಟರ ಸಾಹೇಬರು ಒಂದು ದಿನ ನಮ್ಮ ಮನೆಗೇ ಬಂದರು.

“ಮನಿ ಮನಿಗೆ ಹೋಗಿ, ಯಾರಿಗೆ ಏನ ಬ್ಯಾನಿ ಐತಿ, ದವಾಖಾನಿಗೆ ಯಾಕ ಬರೂದಿಲ್ಲ ಅಂತ ಬರಕೊಂಡ ಬರಾಕ ಓದು ಬಲ್ಲಾಕಿ ಒಬ್ಬಾಕಿ ಬೇಕ್ರಿ ಮಾಸ್ತರ. ಗಂಡಸರು ಹೋದ್ರ ಹೆಣ್ಮಕ್ಕಳು ಬಾಯಿ ಬಿಡೂದಿಲ್ಲ.”

“ನಮ್ಮಾಕಿ ಅದಾಳಲ್ರಿ!” ಎಂದರು ನಿಮ್ಮ ಅಜ್ಜ.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಹೊರಗಿನ ಗಂಡಸರ ಜೊತೆ ನಾನು ಆಗ ಮಾತೇ ಆಡುತ್ತಿರಲಿಲ್ಲ. ಅವರು ಕೇಳಬೇಕು, ನಾನು ಬಾಗಿಲ ಸಂದಿಯಿಂದ ಪಿಸುಗುಟ್ಟಬೇಕು, ನಿಮ್ಮ ಅಜ್ಜ ಅದನ್ನು ದೊಡ್ಡ ದನಿಯಲ್ಲಿ ಸಾರಬೇಕು.

“ಏನಂತಾರ?” ಎಂದರು ಡಾಕ್ಟರು.

“ನನ್ನ ಕಡಿಂದ ಆಗೂದಿಲ್ಲ ಅನ್ರಿ” ಎಂದು ಪಿಸುಗುಟ್ಟಿದೆ.

“ನಾಳಿಂದನ ಶುರು ಮಾಡ್ತಾಳಂತ್ರಿ!” ಎಂದು ಸಾರಿದರು.

ಸರಿ, ಮಾತು ಹೊರಬಿತ್ತು. ಇನ್ನು ಹಿಂದೆ ಸರಿಯಬಾರದೆಂದು ನಾನೂ ಗಟ್ಟಿ ಮನಸ್ಸು ಮಾಡಿದೆ. ಅದಕ್ಕೆ ಕಾರಣ ಪಕ್ಕದ ಮನೆಯ ಬಸವ್ವ. ಏಳು ತಿಂಗಳ ಬಸುರಿ, ಎರಡೂ ಕಾಲು ಬಾತು ಹೋಗಿದ್ದವು. ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ. ನರ್ಸಬಾಯಿಗೆ ತೋರಿಸು ಎಂದರೆ, “ಹೋಗೂಣ ತಗೋ ಅಕ್ಕಾ” ಎಂದು ನಗುತ್ತಿದ್ದಳು, ಹೋಗುತ್ತಿರಲಿಲ್ಲ. ಇವಳ ಗುಟ್ಟನ್ನಾದರೂ ಕಂಡುಹಿಡಿಯಲೇಬೇಕು!

ಮರುದಿನ ಗೆರೆ ಹಾಕಿದ ಪುಸ್ತಕ ಹಿಡಿದು ಹೊರಟೆ. ಮೊದಲ ಮನೆಯ ಹೊಸ್ತಿಲಲ್ಲೇ ನಾಲಿಗೆ ಕೈಕೊಟ್ಟಿತು. ಕೇಳಬೇಕಾದ ಮಾತು ಒಂದೂ ಹೊರಡಲಿಲ್ಲ. ಹೊರಟದ್ದು ಯಾರ ಮನೆಗೆ ಹೋದರೂ ನಾವು ಕೇಳುವ ಮಾತು.

“ಆರಾಮ ಅದೀರೇನ್ರಿ?”

“ಆರಾಮರಿ. ನೀವು?”

“ಆರಾಮ.”

ಬರೆದುಕೊಂಡೆ: ಆರಾಮ. ಮುಂದಿನ ಮನೆ: ಆರಾಮ. ಒಳಗೆ ಮುದುಕರೊಬ್ಬರು ಕೆಮ್ಮಿ ಕೆಮ್ಮಿ ಗೋಡೆ ನಡುಗಿಸುತ್ತಿದ್ದ ಮನೆಯಲ್ಲೂ ಆರಾಮ. ಬಾತ ಕಾಲುಗಳನ್ನು ಮಣೆಯ ಮೇಲಿಟ್ಟುಕೊಂಡು ಕುಳಿತ ಬಸವ್ವ ಕೂಡ, “ನನಗೇನ ಆಗೈತಿ ಅಕ್ಕಾ, ಆರಾಮ ಅದೇನಿ” ಎಂದಳು. ಅದನ್ನೂ ದುಂಡು ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಸಂಜೆ ಪುಸ್ತಕವನ್ನು ದವಾಖಾನೆಗೆ ಕಳಿಸಿಕೊಟ್ಟೆ. ಒಂದು ದಿನದಲ್ಲಿ ನಲವತ್ತೆರಡು ಮನೆ! ಅಂದು ನನ್ನ ನಡಿಗೆಯೇ ಬೇರೆಯಾಗಿತ್ತು.

ಡಾಕ್ಟರು ಊರಲ್ಲಿರಲಿಲ್ಲ. ಅಲ್ಲಿನ ಕಾರಕೂನ ಪುಸ್ತಕವನ್ನು ಹಾಗೆಯೇ ಮೇಲಿನ ಕಚೇರಿಗೆ ಕಳಿಸಿಬಿಟ್ಟ. ಎಂಟು ದಿನಕ್ಕೆ ಹುಕುಂ ಬಂತು: ‘ಸದರಿ ಓಣಿಯಲ್ಲಿ ಯಾವುದೇ ವ್ಯಾಧಿ ಇಲ್ಲವೆಂದು ಕಂಡುಬಂದಿರುವುದರಿಂದ, ನರ್ಸಬಾಯಿಯನ್ನು ಬರುವ ತಿಂಗಳಿಂದ ಬೇರೆ ಊರಿಗೆ ಕಳಿಸತಕ್ಕದ್ದು.’

ನಿಮ್ಮ ಅಜ್ಜ ಬಂದು ತಲೆಯ ಮೇಲೆ ಕೈಹೊತ್ತು ಕುಳಿತರು. “ಲೇ, ಬ್ಯಾನಿ ಬರಕೊಂಡ ಬಾ ಅಂದ್ರ ಊರ ಉದ್ಧಾರ ಮಾಡಿ ಬಂದಿಯಲ್ಲ! ಡಾಕ್ಟರು ಹದಿನೈದ ದಿನದ ಮುದತ ತಗೊಂಡಾರ. ಅಷ್ಟರಾಗ ಖರೆ ಸುದ್ದಿ ತರಬೇಕಂತ.”

ಬಸವ್ವನ ಹೆರಿಗೆಯ ದಿನಗಳು ಹತ್ತಿರವಾಗುತ್ತಿದ್ದವು. ನರ್ಸಬಾಯಿ ಹೋದರೆ ಆಕೆ ಆ ಕಾಲಲ್ಲಿ ಚಕ್ಕಡಿ ಏರಿ ಜಮಖಂಡಿಗೆ ಹೋಗಬೇಕು. ಅದೂ ನನ್ನ ದುಂಡು ಅಕ್ಷರದಿಂದ! ಈ ಸಲ ‘ಆರಾಮ’ ಎಂಬ ಶಬ್ದವನ್ನೇ ಬಾಯಿಗೆ ತರಬಾರದೆಂದು ನಿರ್ಧರಿಸಿದೆ. ಒಲೆಯ ಮುಂದೆ ಕುಳಿತು, ರೊಟ್ಟಿ ಬಡಿಯುತ್ತ, ಮಾತು ಬಾಯಿಪಾಠ ಮಾಡಿದೆ. ಮರುದಿನ ಹೊಸ ಪುಸ್ತಕ ಹಿಡಿದು ಮೊದಲ ಮನೆಯ ಮುಂದೆ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕೂಗಿದೆ:

“ಸರಕಾರದಿಂದ ಬಂದೇನಿ! ನಿಮ್ಮ ಮನ್ಯಾಗ ಯಾರಿಗೆ ಏನ ರೋಗ ಐತಿ?”

ಕಣ್ಣು ತೆರೆದರೆ ಬಾಗಿಲು ಮುಚ್ಚಿತ್ತು!

ಹಿಂದೆ ಪ್ಲೇಗು ಬಂದಾಗ ಸರಕಾರದವರು ಹೀಗೆಯೇ ಕೇಳುತ್ತ ಬಂದು, ಜ್ವರ ಇದ್ದವರನ್ನು ಊರ ಹೊರಗಿನ ಗುಡಿಸಲಿಗೆ ಸಾಗಿಸಿದ್ದರಂತೆ. ಹಿರಿಯರು ಅದನ್ನು ಮರೆತಿರಲಿಲ್ಲ. ನಾಲ್ಕನೆಯ ಮನೆಯಿಂದ ಮುಂದೆ ನಾನು ಹೋಗುವ ಮೊದಲೇ ಬಾಗಿಲ ಅಗಳಿಗಳು ಬೀಳತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಮಗ್ಗಗಳು ನಿಂತು ಓಣಿ ಸ್ತಬ್ಧವಾಯಿತು. ಕೆಮ್ಮಿನ ಮುದುಕರನ್ನಂತೂ ಚಕ್ಕಡಿಯಲ್ಲಿ ಮಲಗಿಸಿ, ಮೇಲೆ ಜೋಳದ ಕಣಿಕೆ ಹೊದಿಸಿ, ಮಹಾಲಿಂಗಪುರದ ಬೀಗರ ಮನೆಗೆ ಸಾಗಿಸಿಯೇ ಬಿಟ್ಟರು!

“ಮೊದಲನೇ ಸರತಿ ರೋಗ ಓಡಿಸಿದಿ, ಈ ಸರತಿ ಮಂದೀನ ಓಡಿಸಿದಿ!” ಎಂದರು ನಿಮ್ಮ ಅಜ್ಜ.

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಪುಸ್ತಕವನ್ನು ಜೋಳದ ಗಡಿಗೆಯ ಹಿಂದೆ ತಳ್ಳಿ, ಬರಿಗೈಯಲ್ಲಿ ಬಸವ್ವನ ಮನೆಗೆ ಹೋದೆ. ಅವಳು ಬಾಗಿಲನ್ನು ಒಂದು ಬೆರಳಷ್ಟು ತೆರೆದಳು.

“ಬುಕ್ಕ ತಂದಿಯೇನ ಅಕ್ಕಾ?”

“ಇಲ್ಲ ಬೇ, ಕಂಡಿಕಿ ಸುತ್ತಾಕ ಬಂದೇನಿ.”

ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದನ್ನು ಸುತ್ತುವುದು ನೇಕಾರರ ಹೆಂಗಸರ ಕೆಲಸ. ನನಗೆ ಅದರ ಗಂಧವೂ ಗೊತ್ತಿರಲಿಲ್ಲ! ಗಳಿಗೆಯೊಳಗೆ ನೂಲು, ರಾಟೆ, ನನ್ನ ಬಳೆ ಮೂರೂ ಒಂದೇ ಗಂಟಾದವು. ಬಸವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹಿಂಗ ಸುತ್ತಿದ್ರ ನಮ್ಮವರು ಮಗ್ಗದ ಮುಂದ ಕುಂತ ಅಳಬೇಕಾಕ್ಕೈತಿ ನೋಡ ಅಕ್ಕಾ!”

ನಕ್ಕ ಬಾಯಿ ಮತ್ತೆ ಮುಚ್ಚಲಿಲ್ಲ. ಗಂಟು ಬಿಡಿಸುತ್ತ ತಾನಾಗಿಯೇ ಹೇಳಿದಳು: “ದವಾಖಾನಿಗೆ ಒಂದ ಸರತಿ ಹೋಗಿದ್ನಲ್ಲ! ಕಂಪೌಂಡರ ‘ಬಾಟ್ಲಿ ಎಲ್ಲೈತಿ?’ ಅಂದ. ಮನ್ಯಾಗ ಇರೂದ ಒಂದ ಬಾಟ್ಲಿ, ದೀಪದ ಚಿಮಣಿ ಎಣ್ಣೀದು. ಅದನ್ನ ತೊಳದ ಒಯ್ದು ಔಷಧಾ ತಂದ ಕುಡದೆ. ಎರಡ ದಿನ ನನ್ನ ಮುಂದ ಯಾರೂ ಬೆಂಕಿಕಡ್ಡಿ ಕೊರೀಲಿಲ್ಲ! ಆಮ್ಯಾಲ ಹೋಗೂದ ಬಿಟ್ಟೆ. ನರ್ಸಬಾಯಿ ಬರೂದು ಮುಂಜಾನಿ. ನಾ ಹೊಂಟ್ರ ಕಂಡಿಕಿ ಯಾರ ಸುತ್ತಬೇಕ? ಮಗ್ಗ ನಿಂತ್ರ ಒಲಿನೂ ನಿಂತಂಗ.”

ನಮ್ಮ ಮನೆಯ ಗೂಡಿನಲ್ಲಿ ತಲೆಗೆ ಹಚ್ಚುವ ಎಣ್ಣೆಯದು, ಗುಲಾಬಿ ನೀರಿನದು, ಶಾಯಿಯದು ಎಂದು ಆರು ಬಾಟಲಿ ಸಾಲಾಗಿದ್ದವು. ನಡುವೆ ಇದ್ದದ್ದು ಒಂದೇ ಗೋಡೆ.

ಮುಂದೆ ಆರು ದಿನ ಹಟ ಹಿಡಿದು ಮನೆ ಮನೆಯ ನೂಲು ಗಂಟು ಹಾಕಿದೆ. ಎಲ್ಲರೂ ನಕ್ಕರು, ಬೈದರು, ಬಾಯಿ ಬಿಟ್ಟರು. ಮನೆಗೆ ಬಂದು ನೆನಪಿನಿಂದ ಬರೆದೆ. ಬಹಳ ಮನೆಗಳಲ್ಲಿ ಅವೇ ಎರಡು ಮಾತು: ಬಾಟಲಿ ಇಲ್ಲ, ಮುಂಜಾನೆ ಬಿಡುವಿಲ್ಲ.

ಡಾಕ್ಟರು ಬಂದರು. ನಾನು ಬಾಗಿಲ ಹಿಂದಿನಿಂದ ಎಲ್ಲವನ್ನೂ ಪಿಸುಗುಟ್ಟಿದೆ. ನಿಮ್ಮ ಅಜ್ಜ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಹೇಳುವಂತೆ ಶುರು ಮಾಡಿದರು: “ಮುಖ್ಯ ಕಾರಣ ಏನಂದ್ರ, ನಮ್ಮ ಮಂದಿಯ ಅಜ್ಞಾನ...”

ನನಗೆ ಏನಾಯಿತೋ! ಸೆರಗು ಬಿಗಿದು ಹೊರಗೇ ಬಂದುಬಿಟ್ಟೆ. “ಅದಲ್ರಿ! ಬಾಟ್ಲಿ ಇಲ್ರಿ! ಬಾಟ್ಲಿ!”

ಪರ ಗಂಡಸಿನ ಎದುರು ನಾನು ಜನ್ಮದಲ್ಲಿ ಮೊದಲು ಆಡಿದ ಮಾತು ಬಾಟಲಿ!

ಡಾಕ್ಟರು ಪುಸ್ತಕ ತೆಗೆದು ಓದಿದರು. “ಎಲ್ಲಾರಿಗೂ ಪುಕ್ಕಟ ಕೊಡಾಕತ್ತೇವಿ ಅಂತ ಮೆರದ್ವಿ. ಖರೆ ಅಂದ್ರ ಬಾಟ್ಲಿ ಇದ್ದವರಿಗಷ್ಟ ಕೊಟ್ವಿ” ಎಂದರು. ಆಮೇಲೆ ನನ್ನತ್ತ ನೋಡಿ, “ನಿಮ್ಮ ಮನಿ ಬರದಿಲ್ಲಲ್ಲ ತಂಗಿ. ನೀವು ಆರಾಮ?” ಎಂದು ಕೇಳಿದರು.

ಎಂಟು ದಿನದಿಂದ ನನಗೆ ಚಳಿಜ್ವರ. ಬೀಳಬಾರದೆಂದು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದೆ.

“ಆರಾಮರಿ” ಎಂದೆ.

ನರ್ಸಬಾಯಿ ಉಳಿದರು, ಮುಂಜಾನೆಯ ಬದಲು ಮಧ್ಯಾಹ್ನ ದವಾಖಾನೆಯಲ್ಲಿ ಕೂಡತೊಡಗಿದರು. ದವಾಖಾನೆಯವರು ಬಾಟಲಿ ತರಿಸುವವರೆಗೆ ಕಾಯಲಾರದೆ ನಮ್ಮ ಆರೂ ಬಾಟಲಿಗಳನ್ನು ನಾನೇ ಓಣಿಗೆ ಹಂಚಿದೆ. ನಿಮ್ಮ ಅಜ್ಜನ ಶಾಯಿ ಉಪ್ಪಿನಕಾಯಿಯ ಬಟ್ಟಲಿಗೆ ಬಂತು. ಬಸವ್ವನ ಕೂಸು ಉಳಿಯಿತು. ದೀಪಾವಳಿಗೆ ನಿಮಗೆ ಕರಚಿಕಾಯಿ ಕಳಿಸುವ ಗೌರತ್ತಿ ಆ ಕೂಸೇ.

ನನ್ನ ಜ್ವರ? ಎರಡು ದಿನ ಕಳೆದ ಮೇಲೆ ನಿಮ್ಮ ಅಜ್ಜ ನನ್ನನ್ನು ದವಾಖಾನೆಗೆ ಎಳೆದೊಯ್ದರು. ಕಂಪೌಂಡರ್ ಕೈ ಚಾಚಿದ.

“ಬಾಟ್ಲಿ ತಂದೀರೇನ್ರಿ ಅಕ್ಕಾರ?”

ಮನೆಯಲ್ಲಿ ಉಳಿದಿದ್ದದ್ದು ಒಂದೇ ಬಾಟಲಿ, ದೀಪದ ಪಕ್ಕದ್ದು. ತೊಳೆದು ಒಯ್ದೆ, ಔಷಧ ತಂದೆ, ಕುಡಿದೆ. ಎರಡು ದಿನ ನಿಮ್ಮ ಅಜ್ಜ ನನ್ನ ಮುಂದೆ ಕಡ್ಡಿ ಕೊರೆಯಲಿಲ್ಲ!