ಕೊಂಡಿ ತಪ್ಪಿದ ವಿಡಿಯೋ

ಇಳಕಲ್ಲಿನಲ್ಲಿ ಇಂಟರ್ನೆಟ್ ಅಂಗಡಿ ಇಟ್ಟವನು ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ, ಗಿರಾಕಿಗಳು ಬಾಗಿಲಿಗೇ ತಂದುಕೊಡುತ್ತಾರೆ. ನಾನು ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲು ಇನ್ನೂ ಲೋಡ್ ಆಗುತ್ತಿದೆ.

ಬಾದಾಮಿ ಗುಹೆ ನೋಡಲು ಬಂದಿದ್ದ ಪರದೇಶದವನೊಬ್ಬನಿಗೆ ಸೀರೆ ನೇಯುವುದನ್ನೂ ನೋಡುವ ಆಸೆಯಾಯಿತು. ನಮ್ಮ ಓಣಿಯ ನೇಕಾರ ಕಾಕಾನ ಮನೆಗೆ ನಾನೇ ಕರೆದೊಯ್ದೆ. ನಮ್ಮ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿ ಹಾಕುವುದರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಎತ್ತಿದ ಕೈ. ಪರದೇಶದವನು ಅದನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿರುವಾಗಲೇ ಒಂದು ಕಡೆ ಕೊಂಡಿ ತಪ್ಪಿತು. ಅದು ಕಾಕುವಿನ ತವರಿನ ಮದುವೆಗೆಂದು ನೇಯ್ದ ಸೀರೆ. ಮದುವೆಮನೆಯಲ್ಲಿ ಎಲ್ಲರ ಕಣ್ಣೂ ಅಲ್ಲೇ ಬಿತ್ತು.

"ಕ್ಯಾಮೆರಾ ನೋಡಿ ನಕ್ಕೊಂತ ಕೈ ತಪ್ಪಿಸಿದಿ," ಎಂದರು ಕಾಕಾ.

"ಎಳಿ ಜಗ್ಗಿದವ್ರು ನೀವು," ಎಂದರು ಕಾಕು. ಅಂದಿನಿಂದ ಅವರು ಕೊಂಡಿಗೆ ಕೈ ಹಚ್ಚಲಿಲ್ಲ.

ಆ ವಿಡಿಯೋ ವೆಬ್‌ಸೈಟಿಗೆ ಏರಿದೆ ಎಂದು ತಿಳಿದದ್ದೇ ತಡ, ಇಬ್ಬರೂ ನನ್ನ ಅಂಗಡಿಗೆ ಬಂದರು. ನ್ಯಾಯ ಮುಗಿಸಲು.

೧. ಪ್ಲಗ್ ಐತಲ್ಲ!

ಕ್ಲಿಕ್ ಮಾಡಿದೆ. ಪರದೆ ಮೇಲೆ ಬರೀ ಖಾಲಿ ಚೌಕ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು.

"ಏನಂತೈತಿ ತಮ್ಮಾ?"

"ಪ್ಲಗಿನ್ ಇಲ್ಲಂತ್ರಿ ಕಾಕಾ."

ಕಾಕಾ ಮೇಜಿನ ಕೆಳಗೆ ತೂರಿ ಪ್ಲಗ್ ಕಿತ್ತರು, ಊದಿದರು, ಮತ್ತೆ ಸಿಕ್ಕಿಸಿದರು. ಅದು ಪಕ್ಕದ ಕಂಪ್ಯೂಟರಿನದು. ಅಲ್ಲಿ ತಾಸುಗಟ್ಟಲೆ ಅರ್ಜಿ ತುಂಬುತ್ತಿದ್ದ ಸಾಲಿ ಮಾಸ್ತರರು ಎದೆ ಹಿಡಿದು ಕೂತರು.

"ಆ ಪ್ಲಗ್ ಅಲ್ರಿ," ಎಂದೆ. "ಕಂಪ್ಯೂಟರು ಒಡಲು, ವಿಡಿಯೋ ಸೆರಗು ಅಂತ ತಿಳೀರಿ. ನಡುವಿನ ಕೊಂಡಿ ಅಂದ್ರ ಈ ಪ್ಲಗಿನ್. ಒಂದೊಂದು ವಿಡಿಯೋಕ್ಕ ಒಂದೊಂದು ನಮೂನಿ. ಇದರ ಕೊಂಡಿ ನನ್ನ ಕಡೆ ಇಲ್ಲ."

ಕಾಕು ಗಂಡನ ಕಡೆ ತಿರುಗಿದರು. "ಇದನ್ನೂ ನೀವ ಜಗ್ಗಿದ್ರೇನು?"

೨. ಕೈ ನಿಂತೈತಿ

ಎರಡು ದಿನ ಹೆಣಗಿ ಆ ಪ್ಲೇಯರ್ ಇಳಿಸಿಕೊಂಡೆ. ಅಷ್ಟರಲ್ಲಿ ಆ ಪರದೇಶದ ಪುಣ್ಯಾತ್ಮ ವಿಡಿಯೋವನ್ನು ಬೇರೆ ನಮೂನೆಗೆ ಬದಲಿಸಿದ್ದ. ಅದಕ್ಕೆ ತಕ್ಕ ಪ್ಲೇಯರನ್ನೂ ಇಳಿಸಿದೆ. ಆಗಿನದು ಫೋನ್ ಲೈನಿನ ಇಂಟರ್ನೆಟ್ಟು. ಕಾಕುವಿನ ಅರ್ಧ ಮುಖ, ಒಂದು ಕೈ ಮೂಡಿದ್ದೇ ಗಪ್ಪನೆ ನಿಂತುಬಿಟ್ಟಿತು.

"ನೋಡ್ರೆಪಾ ನೋಡ್ರಿ! ಕೈ ನಿಂತೈತಿ!" ಕಾಕಾ ಅಂಗಡಿಯಲ್ಲಿದ್ದವರನ್ನೆಲ್ಲ ಸಾಕ್ಷಿಗೆ ಕರೆದರು.

"ಕೈ ಅಲ್ಲ, ಇಂಟರ್ನೆಟ್ ನಿಂತೈತಿ," ಎಂದರು ಕಾಕು. "ನಿಮ್ಮ ಬುದ್ಧಿ ನಿಂತಂಗ."

೩. ಫ್ಲ್ಯಾಶ್

ಬ್ರಾಡ್‌ಬ್ಯಾಂಡ್ ಬರುವ ಹೊತ್ತಿಗೆ ಕಾಕಾನ ಮೀಸೆ ಬೆಳ್ಳಗಾಗಿತ್ತು. ಎಲ್ಲ ವಿಡಿಯೋಗಳೂ ಫ್ಲ್ಯಾಶ್ ಎಂಬ ಒಂದೇ ಪ್ಲೇಯರಿಗೆ ಬಂದವು, ನಮ್ಮದೂ ಬಂತು. ನನಗೆ ಸುಮ್ಮನಿರಲು ಆಗುತ್ತದೆಯೇ?

"ಕಾಕಾ, ಈ ಸಲ ಫ್ಲ್ಯಾಶಿನಾಗ ಬರ್ತೈತಿ. ಇಬ್ಬರೂ ಪೌಡರ್ ಹಚ್ಕೊಂಡು ಬರ್ರಿ, ಮಾರಿ ಕಪ್ಪಗ ಕಾಣಬಾರ್ದು."

ಬಂದರು. ಕಾಕಾ ಇಸ್ತ್ರಿ ಮಾಡಿದ ಧೋತರ, ಹೊಸ ಟೊಪ್ಪಿಗೆ. ಕಾಕುವಿನ ಮುಖದ ಮೇಲೆ ಅರ್ಧ ಡಬ್ಬಿ ಪೌಡರ್. ಕಂಪ್ಯೂಟರಿನ ಮುಂದೆ ಕಣ್ಣು ಮಿಟುಕಿಸದೆ ಕೂತು, "ಹೊಡಿ ತಮ್ಮಾ ಫ್ಲ್ಯಾಶ್," ಎಂದರು ಕಾಕಾ.

ಹೊಡೆದೆ. ವಿಡಿಯೋ ನೀರು ಹರಿದಂತೆ ಓಡಿತು. ಕಾಕು ತಲೆ ತಗ್ಗಿಸಿ ಕೊಂಡಿ ಹಾಕುತ್ತಿದ್ದಾರೆ, ಕ್ಯಾಮೆರಾದ ಕಡೆ ನೋಡಿಯೇ ಇಲ್ಲ. ಕಾಕಾನ ಎರಡೂ ಕೈ ಮೊಣಕಾಲ ಮೇಲಿವೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಪರದೆಯ ಅಂಚಿನಿಂದ ಚೌಕಳಿ ಅಂಗಿಯ ಮೂರನೆಯವನ ಕೈಯೊಂದು ಬಂತು. "ಸರ್, ದಿಸ್ ಈಸ್ ಕೊಂಡಿ!" ಎನ್ನುತ್ತ ಬೆರಳು ಹಾಕಿ ಎಳೆಯನ್ನು ಜಗ್ಗಿ ತೋರಿಸಿತು. ಅಲ್ಲೇ ಕೊಂಡಿ ತಪ್ಪಿತು.

ಅಂಗಿ ನನ್ನದು. ದನಿಯೂ ನನ್ನದೇ. ನನಗದು ಮರೆತೇ ಹೋಗಿತ್ತು. ಹಾಗಂತ ಇಟ್ಟುಕೊಳ್ಳಿ.

ಕಾಕಾ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಿನ್ನ ತಪ್ಪಿಲ್ಲ ಬಿಡು," ಎಂದರು ಕಾಕುವಿಗೆ, ಮೆಲ್ಲಗೆ. "ನಾಳಿಂದ ಕೊಂಡಿ ನೀನ ಹಾಕು."

ಕಾಕು ಹೂಂ ಅಂದರು. ಆದರೆ ಕಣ್ಣು ನನ್ನ ಮೇಲಿತ್ತು. "ಇಷ್ಟು ವರ್ಷ ಈ ವಿಡಿಯೋ ಯಾಕ ಓಡ್ಲಿಲ್ಲ ಅಂತ ಈಗ ತಿಳೀತು."

"ಖರೇನ ಪ್ಲಗಿನ್ ಇರ್ಲಿಲ್ರಿ ಕಾಕೂ!"

ಕಾಕಾ ನನ್ನ ಮುಖವನ್ನೇ ದಿಟ್ಟಿಸಿದರು. "ತಮ್ಮಾ, ಪೌಡರ್ ನೀ ಹಚ್ಕೊಂಡು ಬರಬೇಕಿತ್ತು. ಮಾರಿ ಹೆಂಗ ಕಪ್ಪಿಟ್ಟೈತಿ ನೋಡು."